ಗೋಕರ್ಣದಲ್ಲಿ ಎಲ್ಲಿ ಉಳಿಯೋದು? ಪೇಟೆಯಾ, ಕುಡ್ಲೆಯಾ, ಓಂ ಬೀಚಾ? (ಮಂಡಿ ನೋವಿನವರು ಜೊತೆಗಿದ್ದಾರೆ)

ಕ್ಯಾತ್ಸಂದ್ರದ ಕಿಟ್ಟಿ
ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯಲ್ಲಿ ತುಮಕೂರಿನಿಂದ ಗೋಕರ್ಣಕ್ಕೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಆಗಿರೋದು ಅಷ್ಟೇ. ಅಲ್ಲಿ ಎಲ್ಲಿ ಉಳಿಯಬೇಕು ಅನ್ನೋದಕ್ಕೆ ಮೂರು ದಿನದಿಂದ ಜಗಳ.

ಹೋಗುವವರು ಆರು ಜನ. ನಾನು, ಹೆಂಡತಿ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು, 68 ವರ್ಷದ ಅಮ್ಮ, ಜೊತೆಗೆ ಬಾಮೈದ. ಅಮ್ಮನಿಗೆ ಎರಡೂ ಮಂಡಿ ನೋವು. ಸಿದ್ದಗಂಗೆ ಬೆಟ್ಟ ಹತ್ತುವುದನ್ನು ಬಿಟ್ಟು ನಾಲ್ಕು ವರ್ಷ ಆಯ್ತು, ಕೆಳಗೆ ನಿಂತೇ ಕೈ ಮುಗಿಯುತ್ತಾರೆ. ಅವರಿಗೆ ಬೇಕಾಗಿರುವುದು ಮಹಾಬಲೇಶ್ವರನ ದರ್ಶನ, ಅಪ್ಪನ ಹೆಸರಲ್ಲಿ ಒಂದು ಪೂಜೆ. ದೇವಸ್ಥಾನದ ಪಕ್ಕದಲ್ಲೇ ರೂಮ್ ಮಾಡು ಅಂತಾರೆ. ಬಾಮೈದ ಮೊಬೈಲಲ್ಲಿ ಏನೇನೋ ವಿಡಿಯೋ ನೋಡಿಕೊಂಡು, ಕುಡ್ಲೆ ಬೀಚ್ ಬಿಟ್ಟು ಬೇರೆ ಕಡೆ ಉಳಿದರೆ ಹೋಗಿದ್ದೇ ದಂಡ ಅಂತಾನೆ. ಆಫೀಸಿನವರೊಬ್ಬರು ಓಂ ಬೀಚ್ ಅಂದರು, ಕಾರು ಅಲ್ಲಿವರೆಗೂ ಹೋಗುತ್ತಂತೆ. ಹೆಂಡತಿಯದು ಒಂದೇ ಮಾತು: ಬಾತ್‌ರೂಮ್ ಚೆನ್ನಾಗಿರಲಿ.

ಮೂರು ರಾತ್ರಿ. ಸ್ವಂತ ಕಾರು. ಹೋಗಿ ಬಂದವರು ಹೇಳಿ.

ನಂದಿಮಂಜು
ಕುಡ್ಲೆ. ಕಣ್ಣು ಮುಚ್ಚಿಕೊಂಡು ಕುಡ್ಲೆ. ಬೆಳಿಗ್ಗೆ ಬಾಗಿಲು ತೆಗೆದರೆ ಮರಳು. ಇನ್ನೇನು ಬೇಕು?

ತಟ್ಟೆಇಡ್ಲಿ
ಮೇಲಿನವರು ಪೂರ್ತಿ ಓದಲಿಲ್ಲ ಅನಿಸುತ್ತೆ. ಮಂಡಿ ನೋವು ಅಂತ ಬರೆದಿದ್ದಾರೆ. ಕುಡ್ಲೆಯ ಮರಳಿನವರೆಗೆ ಕಾರು ಹೋಗಲ್ಲ. ಗುಡ್ಡದ ಮೇಲೆ ನಿಲ್ಲಿಸಿ ಮೆಟ್ಟಿಲು, ಕಲ್ಲು ದಾರಿ ಇಳಿಯಬೇಕು. ಗಾಲಿ ಇರುವ ಸೂಟ್‌ಕೇಸ್ ಅಲ್ಲಿ ಯಾವ ಕೆಲಸಕ್ಕೂ ಬರಲ್ಲ, ತಲೆ ಮೇಲೇ ಹೊತ್ತುಕೊಳ್ಳಬೇಕು. ನಾನು ಹೊತ್ತಿದ್ದೇನೆ.

ನಂದಿಮಂಜು
ಹತ್ತು ನಿಮಿಷದ ಇಳಿಜಾರು ಸ್ವಾಮಿ, ಹಿಮಾಲಯ ಅಲ್ಲ.

ತಟ್ಟೆಇಡ್ಲಿ
ಇಳಿಯೋದು ಹತ್ತು ನಿಮಿಷ. ಹತ್ತೋದು? ಅಮ್ಮನಿಗೆ ದೇವಸ್ಥಾನಕ್ಕೆ ಹೋಗಬೇಕು ಅಂದಾಗೆಲ್ಲ ಹತ್ತಬೇಕು.

ಗುಬ್ಬಿ ತವರು, ಕುಮಟಾ ಮನೆ
ನಮ್ಮ ಕಡೆಯವರು ಗೋಕರ್ಣಕ್ಕೆ ಬರುತ್ತಾರೆ ಅಂದರೆ ಖುಷಿ. ನಾನು ಹುಟ್ಟಿದ್ದು ಗುಬ್ಬಿಯಲ್ಲಿ, ಮದುವೆಯಾಗಿ ಕುಮಟಾಕ್ಕೆ ಬಂದು 19 ವರ್ಷ. ವರ್ಷಕ್ಕೆ ನಾಲ್ಕು ಸಲವಾದರೂ ತುಮಕೂರಿನ ನೆಂಟರನ್ನು ಗೋಕರ್ಣ ಸುತ್ತಿಸುತ್ತೇನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೋಕರ್ಣ ಅಂದರೆ ಒಂದು ಊರು, ಅದರ ದಕ್ಷಿಣಕ್ಕೆ ಒಂದರ ಹಿಂದೆ ಒಂದು ಗುಡ್ಡ. ಎರಡು ಗುಡ್ಡದ ಮಧ್ಯೆ ಒಂದೊಂದು ಬೀಚು. ಊರಿಗೆ ಅಂಟಿಕೊಂಡಿರುವುದು ಮೇನ್ ಬೀಚ್. ಒಂದು ಗುಡ್ಡ ದಾಟಿದರೆ ಕುಡ್ಲೆ. ಇನ್ನೊಂದು ದಾಟಿದರೆ ಓಂ. ಆಮೇಲೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಇದೊಂದು ತಲೆಯಲ್ಲಿ ಕೂತರೆ ಮುಕ್ಕಾಲು ಜಗಳ ಮುಗಿಯುತ್ತದೆ. ಎಷ್ಟು ಗುಡ್ಡ ದಾಟುತ್ತೀರೋ ಅಷ್ಟು ಜನ ಕಡಿಮೆ, ಅಷ್ಟು ಕಾಲು ನೋವು ಜಾಸ್ತಿ.

ಓಂ ಬೀಚಿಗೆ ಕಾರು ಹೋಗುತ್ತೆ ಅನ್ನೋದು ಅರ್ಧ ಸತ್ಯ. ರಸ್ತೆ ಹೋಗುತ್ತದೆ, ಆದರೆ ನಿಲ್ಲುವುದು ಮೇಲೆ. ಅಲ್ಲಿಂದ ಮರಳಿಗೆ ಮೆಟ್ಟಿಲಿದೆ. ಮೇಲೆ ನಿಂತು ನೋಡಿದರೆ ಓಂ ಆಕಾರ ಚೆನ್ನಾಗಿ ಕಾಣುತ್ತದೆ. ನಿಮ್ಮ ಅಮ್ಮನಿಗೆ ಅದೇ ಸಾಕಾಗಬಹುದು. ಹಾಫ್ ಮೂನ್‌ಗೆ ಕಾಲುದಾರಿ ಇಲ್ಲವೇ ದೋಣಿ, ಅದನ್ನು ಮರೆತುಬಿಡಿ.

ಚಪ್ಪಟೆಯಾಗಿ, ಮೆಟ್ಟಿಲಿಲ್ಲದೆ, ಕಾರಿನಿಂದ ಇಳಿದು ನಾಲ್ಕು ಹೆಜ್ಜೆಗೆ ಮರಳು ಸಿಗುವುದು ಮೇನ್ ಬೀಚಿನಲ್ಲಿ ಮಾತ್ರ. ಅದು ಚೆಂದ ಇಲ್ಲ ಅಂತ ಎಲ್ಲರೂ ಬೈಯುತ್ತಾರೆ. ಬೈಯುವವರು ದೇವಸ್ಥಾನದ ಎದುರಿನ ನೂರು ಮಾರು ನೋಡಿ ವಾಪಸ್ ಹೋದವರು. ಅಲ್ಲಿ ಯಾತ್ರೆಯ ಜನ, ಹೂವು, ಪ್ಲಾಸ್ಟಿಕ್ಕು ಎಲ್ಲ ಇರುತ್ತದೆ, ಸುಳ್ಳು ಹೇಳಲ್ಲ. ಆದರೆ ಅದೇ ಬೀಚು ಉತ್ತರಕ್ಕೆ ಉದ್ದಕ್ಕೆ ಹೋಗುತ್ತದೆ. ಸ್ವಲ್ಪ ಮುಂದೆ ಹೋದರೆ ಗಾಳಿಮರ, ಮರಳು, ನೀವು, ಅಷ್ಟೇ. ಆ ಕಡೆ ಸಣ್ಣ ಸಣ್ಣ ಕಾಟೇಜುಗಳಿವೆ. ಅಲ್ಲಿಂದ ದೇವಸ್ಥಾನಕ್ಕೆ ಆಟೋದಲ್ಲಿ ಐದು ನಿಮಿಷ.

ಕ್ಯಾತ್ಸಂದ್ರದ ಕಿಟ್ಟಿ
ಅಕ್ಕ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಓಂ ಬೀಚಿನ ಮೆಟ್ಟಿಲು ವಿಷಯ ಆಫೀಸಿನವರು ಬಾಯೇ ಬಿಟ್ಟಿರಲಿಲ್ಲ. ರಥಬೀದಿಯಲ್ಲೇ ಲಾಡ್ಜ್ ಮಾಡಿದರೆ ಹೇಗೆ? ಅಮ್ಮ ಬೆಳಿಗ್ಗೆ ಎದ್ದು ತಾವೇ ನಡೆದು ಹೋಗಬಹುದು.

ಚೇಳೂರು ಹಲಸು
ರಥಬೀದಿ ಬೇಡ. ನಾವು ಎರಡು ವರ್ಷದ ಹಿಂದೆ ದೇವಸ್ಥಾನದ ಹತ್ತಿರ ಒಂದು ಲಾಡ್ಜಲ್ಲಿ ಇದ್ದೆವು. ಹೆಸರು ಬೇಡ. ಕಾರು ನಿಲ್ಲಿಸಲು ಜಾಗ ಇದೆ ಅಂದಿದ್ದರು. ಹೋಗಿ ನೋಡಿದರೆ ಜಾಗ ಇತ್ತು, ಅರ್ಧ ಕಿಲೋಮೀಟರ್ ದೂರದಲ್ಲಿ, ಯಾರದೋ ತೆಂಗಿನ ತೋಟದ ಅಂಚಿನಲ್ಲಿ. ರೂಮ್ ಎರಡನೇ ಮಹಡಿ, ಲಿಫ್ಟ್ ಇಲ್ಲ. ಬೀಚಿನ ಮೆಟ್ಟಿಲು ಎಣಿಸುವವರು ಲಾಡ್ಜಿನ ಮೆಟ್ಟಿಲೂ ಎಣಿಸಿ. ನಮ್ಮತ್ತೆ ಮೂರು ದಿನ ಆ ಮೆಟ್ಟಿಲಲ್ಲೇ ಸಮುದ್ರ ನೋಡಿದರು.

ಶಿರಾ ಸೇಂಗಾ
ಮಾತು ಸರಿ. ಪೇಟೆಯಲ್ಲಿ ಬುಕ್ ಮಾಡುವಾಗ ಮೂರೇ ಪ್ರಶ್ನೆ: ನೆಲಮಹಡಿ ಇದೆಯಾ, ಕಾರು ಬಾಗಿಲಿಗೆ ಬರುತ್ತಾ, ಕೂರುವ ಕಕ್ಕಸು ಇದೆಯಾ. ಮೂರನೆಯದು ಫೋನಲ್ಲಿ ಕೇಳಲು ನಾಚಿಕೆ ಅಂತ ನಾನು ಕೇಳಿರಲಿಲ್ಲ. ಅಪ್ಪ ಪಟ್ಟ ಪಾಡು ನನಗೇ ಗೊತ್ತು.

ಪಾವಗಡ ಬಿಸಿಲು
ಎಲ್ಲರೂ ರೂಮಿನ ಬಗ್ಗೆ ಹೇಳುತ್ತಿದ್ದೀರಿ. ಮಕ್ಕಳು, ಬಾಮೈದ ನೀರಿಗಿಳಿಯುವವರು. ಅದನ್ನು ಯಾರೂ ಕೇಳಲಿಲ್ಲ. ನಮ್ಮ ಬಯಲುಸೀಮೆ ಹುಡುಗರದು ಒಂದು ರೋಗ ಇದೆ: ತೋಟದ ಬಾವಿಯಲ್ಲಿ ಈಜು ಕಲಿತು ಸಮುದ್ರವೂ ಅದೇ ಅಂದುಕೊಳ್ಳುವುದು. ನನ್ನ ಚಿಕ್ಕಪ್ಪನ ಮಗ ಅರವತ್ತಡಿ ಬಾವಿಗೆ ಮೇಲಿಂದ ಹಾರಿ ತಳದ ಕಲ್ಲು ತರುತ್ತಿದ್ದವನು. ಓಂ ಬೀಚಿನಲ್ಲಿ ಬಂಡೆ ಪಕ್ಕ ಸೊಂಟದ ನೀರಲ್ಲಿ ನಿಂತಿದ್ದ. ನೀರು ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳೇ ಜಾರಿತು. ದಡದ ಕಡೆ ಮುಖ ಮಾಡಿ ಈಜಿದ, ಈಜಿದ, ಇದ್ದಲ್ಲೇ ಇದ್ದ. ಮೇಲಿಂದ ಲೈಫ್‌ಗಾರ್ಡ್ ಸೀಟಿ ಹೊಡೆದು ಹಗ್ಗ, ಟ್ಯೂಬ್ ತೆಗೆದುಕೊಂಡು ಓಡಿ ಬಂದರು. ಬದುಕಿದ. ಈಗ ಬಕೆಟಲ್ಲಿ ಸ್ನಾನ ಮಾಡುವಾಗಲೂ ಎರಡು ಸಲ ಯೋಚಿಸುತ್ತಾನೆ.

ಬಾವಿ ನೀರು ನಿಂತಿರುತ್ತೆ, ಸಮುದ್ರದ್ದು ಹರಿಯುತ್ತೆ. ಬಂದ ಅಲೆಯ ನೀರೆಲ್ಲ ಒಂದು ಕಿರಿದಾದ ದಾರಿ ಹಿಡಿದು ಒಳಕ್ಕೆ ವಾಪಸ್ ಹೋಗುತ್ತದೆ. ಬಂಡೆಗಳ ಪಕ್ಕ ಅಂಥ ದಾರಿ ಜಾಸ್ತಿ. ಸಿಕ್ಕಿಕೊಂಡರೆ ದಡದ ಕಡೆಗೆ ಜಿದ್ದಿಗೆ ಬೀಳಬಾರದು. ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಆ ಸೆಳೆತ ದಾಟಿ ಆಮೇಲೆ ಒಳಗೆ ಬರಬೇಕು. ಇದನ್ನು ಬಾಮೈದನಿಗೆ ಹೇಳಿ. ಪಾಚಿ ಹಿಡಿದ ಬಂಡೆ ಮೇಲೆ ನಿಂತು ಸೆಲ್ಫಿ ಬೇಡ ಅಂತಲೂ ಹೇಳಿ.

ನಂದಿಮಂಜು
ಹೆದರಿಸಬೇಡಿ ಸಾರ್. ಕುಡ್ಲೆಯಲ್ಲಿ ಎಷ್ಟೋ ಜನ ಮಕ್ಕಳನ್ನು ಆಡಿಸುತ್ತಾರೆ.

ಗುಬ್ಬಿ ತವರು, ಕುಮಟಾ ಮನೆ
ಹೆದರಿಸಲಿ ಬಿಡಿ, ಒಳ್ಳೆಯದೇ. ನಮ್ಮೂರ ಮೀನುಗಾರರೇ ಸುಮ್ನೆ ನೀರಿಗಿಳಿಯಲ್ಲ. ಕುಡ್ಲೆಯ ಮಧ್ಯಭಾಗ ಮಕ್ಕಳಿಗೆ ಪರವಾಗಿಲ್ಲ, ಎರಡು ತುದಿಯ ಬಂಡೆ ಹತ್ತಿರ ಬೇಡ. ಮಂಡಿ ಮಟ್ಟ ದಾಟಬೇಡಿ, ಕತ್ತಲಾದ ಮೇಲೆ ಇಳಿಯಲೇಬೇಡಿ. ಕೆಂಪು ಬಾವುಟ ಇದ್ದರೆ ಮಾತೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಂದರಂತೂ ನೋಡಿ ಹೋಗುವುದಷ್ಟೇ.

ಕೋಲಾರ ಕಲ್ಲುಬಂಡೆ
ನನಗೊಂದು ಅರ್ಥ ಆಗಲ್ಲ. ಸಮುದ್ರ ನೋಡೋಕೆ ಅಷ್ಟು ದೂರ ಯಾಕೆ? ನಾವು ಕೋಲಾರದವರು ಬೆಳಿಗ್ಗೆ ಹೊರಟು ಮುಳಬಾಗಿಲು ದಾಟಿದರೆ ಮಧ್ಯಾಹ್ನದ ಊಟ ಚೆನ್ನೈನಲ್ಲಿ. ಸಂಜೆ ಮಹಾಬಲಿಪುರ.

ತಟ್ಟೆಇಡ್ಲಿ
ಆ ಕಡೆ ಸಮುದ್ರದಲ್ಲಿ ಸೂರ್ಯ ಮುಳುಗಲ್ಲ ಮಾರಾಯ್ರೆ.

ಕೋಲಾರ ಕಲ್ಲುಬಂಡೆ
ಹುಟ್ಟುತ್ತಾನಲ್ಲ. ಬೇಗ ಏಳಿ.

ಚಿಂತಾಮಣಿ ಟೊಮೆಟೊ
ವಿಷಯಾಂತರಕ್ಕೆ ಕ್ಷಮಿಸಿ. ಇಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ, ಹೊನ್ನಾವರದ ಕಡಲ ತೀರದಲ್ಲಿ ಹೊರಡುವ 69ನೇ ರಾಷ್ಟ್ರೀಯ ಹೆದ್ದಾರಿ ಸಾಗರ, ಶಿವಮೊಗ್ಗ, ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ ಮೇಲೆ ಮುಳಬಾಗಿಲಿಗೆ ಬಂದು ಚಿತ್ತೂರಿಗೆ ಹೋಗುತ್ತದೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರು ಜಿಲ್ಲೆಗೂ ಒಂದೇ ರಸ್ತೆ. ನಮ್ಮೂರಲ್ಲಿ ಟೊಮೆಟೊ ಲಾರಿ ಹಿಂದೆ ನಿಂತಾಗೆಲ್ಲ, ಇದೇ ರಸ್ತೆ ಹಿಡಿದು ಹೋಗ್ತಾ ಇದ್ದರೆ ಸಮುದ್ರ ಬರುತ್ತೆ ಅಂತ ಅಂದುಕೊಳ್ಳುತ್ತೇನೆ. ಒಂದು ದಿನವೂ ಹೋಗಿಲ್ಲ.

ಶಿರಾ ಸೇಂಗಾ
ಹೋಗಲೂ ಬೇಡಿ, ಎಲ್ಲ ಕಡೆ ಒಂದೇ ತರಹ ಇಲ್ಲ ಆ ರಸ್ತೆ. ಕಿಟ್ಟಿಯವರೇ, ನೀವು ಹೋಗುವುದು ಯಾವ ದಾರಿ? ನಾನಾದರೆ ಶಿರಾ, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಯಲ್ಲಾಪುರ. ಅರಬೈಲು ಘಾಟಿ ಇಳಿದರೆ ಅಂಕೋಲಾ. ಸ್ವಲ್ಪ ಸುತ್ತು, ಆದರೆ ಹುಬ್ಬಳ್ಳಿವರೆಗೆ ಅಮ್ಮ ನಿದ್ದೆ ಮಾಡಬಹುದು.

ಚೇಳೂರು ಹಲಸು
ಯಾಕೆ ಸುತ್ತಬೇಕು? ಹಳೇ 206ನೇ ಹೆದ್ದಾರಿ ಇದೆಯಲ್ಲ. ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ, ಗೇರುಸೊಪ್ಪೆ ಇಳಿದು ಹೊನ್ನಾವರ. ಬೇಕಾದರೆ ಜೋಗ ನೋಡಿಕೊಂಡು ಹೋಗಬಹುದು. ಜನವರಿಯಲ್ಲಿ ನೀರು ಕಡಿಮೆ, ಅದು ಬೇರೆ ಮಾತು.

ಶಿರಾ ಸೇಂಗಾ
ಗೇರುಸೊಪ್ಪೆ ತಿರುವಿನಲ್ಲಿ ಹಿಂದಿನ ಸೀಟಿನ ಮಕ್ಕಳ ಕೈಗೆ ಒಂದೊಂದು ಕವರ್ ಕೊಟ್ಟಿರಿ.

ಗುಬ್ಬಿ ತವರು, ಕುಮಟಾ ಮನೆ
ಹಾವೇರಿಯಿಂದ ಶಿರಸಿಗೆ ಬಂದು ದೇವಿಮನೆ ಘಾಟಿಯಲ್ಲಿ ಕುಮಟಾಕ್ಕೆ ಇಳಿಯುವ ದಾರಿಯೂ ಇದೆ, ಕಾಡು ಚೆನ್ನಾಗಿದೆ. ಆದರೆ ಅಲ್ಲಿ ರಸ್ತೆ ಕೆಲಸ ವರ್ಷಗಟ್ಟಲೆ ನಡೆದಿದೆ, ಹೊರಡುವ ದಿನ ವಿಚಾರಿಸಿಯೇ ಬನ್ನಿ. ಮಳೆಗಾಲದಲ್ಲಿ ಬರುವವರು ಇದ್ದರೆ ಯಾವ ದಾರಿಯಾದರೂ ಮೊದಲು ಫೋನ್ ಮಾಡಿ ಕೇಳಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೇ ಕುಸಿದದ್ದು ನೆನಪಿದೆಯಲ್ಲ. ಆ ರಸ್ತೆಯಲ್ಲಿ ನಾವು ವಾರಕ್ಕೊಮ್ಮೆ ಓಡಾಡುತ್ತಿದ್ದೆವು.

ಕುಣಿಗಲ್ ಕುದುರೆ
ಕಾರೇ ಯಾಕೆ? ಪಂಚಗಂಗಾ ಎಕ್ಸ್‌ಪ್ರೆಸ್ ನಮ್ಮ ಕುಣಿಗಲ್ ಮೇಲೆ ಹಾಸನ, ಸುಬ್ರಹ್ಮಣ್ಯ, ಉಡುಪಿ ದಾರಿಯಲ್ಲಿ ಕಾರವಾರಕ್ಕೆ ಹೋಗುತ್ತದೆ. ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಗೋಕರ್ಣ ರೋಡ್. ಸ್ಟೇಷನ್ನಿಂದ ಊರು ಹತ್ತು ಕಿಲೋಮೀಟರ್ ಆಸುಪಾಸು, ಆಟೋ ಸಿಗುತ್ತೆ. ಅಮ್ಮನಿಗೆ ಕೆಳಗಿನ ಬರ್ತ್ ಸಿಕ್ಕರೆ ಕಾರಿಗಿಂತ ಆರಾಮ. ತುಮಕೂರು ನಗರದವರು ನಮ್ಮನ್ನು ತಾಲೂಕು ಅಂತ ಆಡಿಕೊಳ್ಳುತ್ತೀರಲ್ಲ, ಈ ರೈಲು ನಿಮ್ಮೂರಿಗೆ ಬರಲ್ಲ.

ತಟ್ಟೆಇಡ್ಲಿ
ವರ್ಷಕ್ಕೊಮ್ಮೆ ಗೋಕರ್ಣಕ್ಕೆ ಹೋಗೋಕೆ ರೈಲು. ದಿನಾ ಬೆಂಗಳೂರಿಗೆ ಹೋಗೋಕೆ ನಮಗೆಷ್ಟು ರೈಲಿದೆ ಎಣಿಸಿ ನೋಡಿ.

ಶ್ರೀನಿವಾಸಪುರದ ಮಾವು
ಊಟದ ಕಥೆ ಏನು? ನಮ್ಮಮ್ಮನಿಗೆ ಮುದ್ದೆ ಇಲ್ಲದಿದ್ದರೆ ಎರಡನೇ ದಿನಕ್ಕೆ ವಾಪಸ್ ಹೋಗೋಣ ಅಂತಾರೆ.

ಗುಬ್ಬಿ ತವರು, ಕುಮಟಾ ಮನೆ
ಮುದ್ದೆ ಸಿಗಲ್ಲ. ನಾನೇ ತವರಿಂದ ರಾಗಿ ಹಿಟ್ಟು ತರಿಸಿಕೊಳ್ಳುತ್ತೇನೆ. ಪೇಟೆಯಲ್ಲಿ ಸಸ್ಯಾಹಾರಿ ಊಟ ಚೆನ್ನಾಗಿದೆ. ದೇವಸ್ಥಾನದಲ್ಲಿ ಪ್ರಸಾದದ ಊಟವೂ ಇದೆ. ಮೀನು ತಿನ್ನುವವರಿಗೆ ಬಂಗುಡೆ, ಕಾಣೆ ಸಿಗುತ್ತದೆ, ಆದರೆ ದೇವಸ್ಥಾನದ ಸುತ್ತ ಹುಡುಕಬೇಡಿ. ಕುಡ್ಲೆ, ಓಂ ಬೀಚಿನ ಹೋಟೆಲುಗಳಲ್ಲಿ ಪಿಜ್ಜಾ, ಪಾಸ್ತಾ ಜಾಸ್ತಿ. ಮಕ್ಕಳಿಗೆ ಖುಷಿ, ಅಮ್ಮನಿಗೆ ಉಪವಾಸ. ಇದೂ ಒಂದು ಲೆಕ್ಕ. ಎಟಿಎಂ, ಔಷಧಿ ಅಂಗಡಿ, ಡಾಕ್ಟರು ಬೇಕಂದರೂ ಪೇಟೆಗೇ ಬರಬೇಕು, ಇನ್ನೂ ದೊಡ್ಡದಕ್ಕೆ ಕುಮಟಾ.

ರಸ್ತೆ ಬದಿಯಲ್ಲಿ ಇಲ್ಲಿನ ಹಾಲಕ್ಕಿ ಸಮುದಾಯದ ಹೆಂಗಸರು ತರಕಾರಿ, ಹೂವು ಮಾರುತ್ತಾರೆ. ಅವರ ಹತ್ತಿರ ಮಾತ್ರ ಚೌಕಾಸಿ ಮಾಡಬೇಡಿ ಅಂತ ನನ್ನ ಕೋರಿಕೆ.

ಮಧುಗಿರಿ ದಾಳಿಂಬೆ
ನನ್ನ ಪ್ರಕಾರ ಗೋಕರ್ಣವೇ ತಪ್ಪು ಆಯ್ಕೆ. ಮುರುಡೇಶ್ವರಕ್ಕೆ ಹೋಗಿ. ದೇವಸ್ಥಾನ, ಬೀಚು, ಲಾಡ್ಜು ಎಲ್ಲ ಒಂದೇ ಕಡೆ. 123 ಅಡಿ ಶಿವ. 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಮಂಡಿ ನೋವಿನವರು ಗೋಪುರ ಹತ್ತುವುದು ಇನ್ನೆಲ್ಲಿ ಸಾಧ್ಯ?

ಪಾವಗಡ ಬಿಸಿಲು
ಅವರ ಅಮ್ಮ ಕೇಳಿರೋದು ಆತ್ಮಲಿಂಗ. ಲಿಫ್ಟ್ ಅಲ್ಲ.

ಮಧುಗಿರಿ ದಾಳಿಂಬೆ
ಮುರುಡೇಶ್ವರವೂ ಅದೇ ಕಥೆಗೆ ಸೇರಿದ್ದೇ. ರಾವಣ ಸಿಟ್ಟಿನಲ್ಲಿ ಎಸೆದ ಬಟ್ಟೆ ಅಲ್ಲಿ ಬಿತ್ತು ಅಂತಾರೆ.

ಪಾವಗಡ ಬಿಸಿಲು
ಬಟ್ಟೆ ನೋಡೋಕೆ ನಾನೂರು ಕಿಲೋಮೀಟರಾ?

ಗುಬ್ಬಿ ತವರು, ಕುಮಟಾ ಮನೆ
ಇಬ್ಬರೂ ಸುಮ್ಮನಿರಿ. ವಾಪಸ್ ಬರುವಾಗ ಹೊನ್ನಾವರದ ಮೇಲೆ ಬರುವುದಾದರೆ ಕಾಸರಕೋಡು ಬೀಚಿಗೆ ಒಂದು ಗಂಟೆ ಕೊಡಿ. ಶರಾವತಿ ಸೇತುವೆ ದಾಟಿದ ಕೂಡಲೇ. 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕ ಬೀಚು ಅದು. ಬಟ್ಟೆ ಬದಲಿಸುವ ಕೋಣೆ, ಶೌಚಾಲಯ ಎಲ್ಲ ಇದೆ. ಹೆಂಡತಿಯವರ ಬಾತ್‌ರೂಮ್ ಬೇಡಿಕೆಗೆ ಅದೊಂದು ಉತ್ತರ.

ದೇವಸ್ಥಾನದ ವಿಷಯ ಒಂದು ಹೇಳುವುದು ಮರೆತೆ. ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಒಳಗೆ ಹೋಗಬೇಕು. ಬಾಮೈದನಿಗೂ ಒಂದು ಪಂಚೆ ಇಡಿ, ಬರ್ಮುಡಾದಲ್ಲಿ ಬಂದರೆ ಹೊರಗೇ ನಿಲ್ಲುತ್ತಾನೆ. ಮೊದಲು ಪಕ್ಕದ ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆಗೆಯುತ್ತಾರೆ. ಪೀಠದ ನಡುವಿನ ಸಣ್ಣ ಕುಳಿಯೊಳಗೆ ಬೆರಳಿಟ್ಟು ಲಿಂಗ ಮುಟ್ಟಬೇಕು. ಅದಕ್ಕೆ ಬಗ್ಗಿ ಕೂರಬೇಕಾಗುತ್ತದೆ. ಅಮ್ಮನ ಜೊತೆ ಯಾರಾದರೂ ಇರಿ, ಎಬ್ಬಿಸಲು ಕೈ ಬೇಕು. ಬೆಳಿಗ್ಗೆ ಬೇಗ ಹೋದರೆ ನೂಕುನುಗ್ಗಲು ಇರಲ್ಲ. ಅದಕ್ಕೇ ನಾನು ಪೇಟೆ ಹತ್ತಿರ ಇರಿ ಅನ್ನೋದು. ಕುಡ್ಲೆಯಿಂದ ನಸುಕಿನಲ್ಲಿ ಟಾರ್ಚ್ ಹಿಡಿದು ಗುಡ್ಡ ಹತ್ತಿಸುತ್ತೀರಾ?

ನಂದಿಮಂಜು
ಸರಿ, ಅಮ್ಮ ಇದ್ದಾರೆ ಅಂದಮೇಲೆ ಪೇಟೆ ಕಡೆಯೇ ಒಳ್ಳೆಯದು ಅಂತ ಒಪ್ಪುತ್ತೇನೆ. ಆದರೆ ಗೋಕರ್ಣಕ್ಕೆ ಹೋಗಿ ಕುಡ್ಲೆಯಲ್ಲಿ ಒಂದು ಸಂಜೆಯೂ ಕೂರದೆ ಬರಬೇಡಿ. ಆರೂವರೆ ಹೊತ್ತಿಗೆ ಸೂರ್ಯ ಮುಳುಗುವಾಗ ಆ ಎರಡು ಗುಡ್ಡದ ಮಧ್ಯೆ ಇಡೀ ಬೀಚು ತೆಪ್ಪಗಾಗುತ್ತದೆ. ಪೇಟೆ ಬೀಚಿನಲ್ಲಿ ಆ ಹೊತ್ತಿಗೆ ಚುರುಮುರಿ ಗಾಡಿಯವನ ಗಂಟೆ.

ಶ್ರೀನಿವಾಸಪುರದ ಮಾವು
ನನಗೆ ಚುರುಮುರಿ ಗಾಡಿ ಇರೋ ಬೀಚೇ ಇಷ್ಟ.

ಕ್ಯಾತ್ಸಂದ್ರದ ಕಿಟ್ಟಿ
ಎಲ್ಲ ಓದಿ, ರಾತ್ರಿ ಊಟ ಆದಮೇಲೆ ಮನೆಯಲ್ಲೂ ಓದಿ ಹೇಳಿದೆ. ತೀರ್ಮಾನ ಹೀಗೆ. ಮೂರೂ ರಾತ್ರಿ ಮೇನ್ ಬೀಚಿನ ಉತ್ತರದ ಕಡೆ, ನೆಲಮಹಡಿಯ ಎರಡು ರೂಮು. ಶಿರಾ ಸೇಂಗಾದವರ ಮೂರು ಪ್ರಶ್ನೆಯನ್ನೂ ಫೋನಲ್ಲಿ ಕೇಳಿದೆ. ಮೂರನೆಯದಕ್ಕೆ ಆ ಕಡೆಯವರು ನಕ್ಕು, ಇದೆ ಸರ್, ಫೋಟೋ ಕಳಿಸಲಾ ಅಂದರು. ಕಳಿಸಿಯೂ ಬಿಟ್ಟರು. ಹೆಂಡತಿ ಅದನ್ನು ನೋಡಿದ ಮೇಲೇ ಮುಂಗಡ ಕಟ್ಟಿದ್ದು. ಜನವರಿ 26ರ ರಜೆ ಗಲಾಟೆ ತಪ್ಪಿಸಿ ಎರಡು ದಿನ ಮುಂದೆ ಹಾಕಿದ್ದೇವೆ. ಹೋಗುವಾಗ ಹುಬ್ಬಳ್ಳಿ, ಬರುವಾಗ ಹೊನ್ನಾವರ.

ಬಾಮೈದ ಮುನಿಸಿಕೊಂಡಿದ್ದಾನೆ. ಬೇಕಾದರೆ ಒಂದು ರಾತ್ರಿ ನೀನೊಬ್ಬನೇ ಕುಡ್ಲೆಯಲ್ಲಿ ಇರು ಅಂದೆ. ಅಷ್ಟರಲ್ಲಿ ಅಮ್ಮ, ಆ ಕುಡ್ಲೆ ಅನ್ನೋದು ಹೇಗಿದೆಯೋ ನಾನೂ ನೋಡಬೇಕಲ್ಲ ಅಂದುಬಿಟ್ಟರು! ಬೆಳಿಗ್ಗೆಯಿಂದ ಅದೇ ಮಾತು. ಮೆಟ್ಟಿಲಿಲ್ಲದೆ ಕುಡ್ಲೆಗೆ ಹೋಗುವ ದಾರಿ ಏನಾದರೂ ಇದೆಯಾ ಅಕ್ಕ?

ಗುಬ್ಬಿ ತವರು, ಕುಮಟಾ ಮನೆ
ದೋಣಿ ಇದೆ, ಬೀಚಿಂದ ಬೀಚಿಗೆ ಕರೆದುಕೊಂಡು ಹೋಗುತ್ತಾರೆ. ಆದರೆ ಮಂಡಿ ಮಟ್ಟದ ನೀರಲ್ಲಿ ನಿಂತು, ಅಲುಗಾಡುವ ದೋಣಿಗೆ ಕಾಲು ಎತ್ತಿ ಹಾಕಬೇಕು. ಇಬ್ಬರು ಹಿಡಿದು ಹತ್ತಿಸಿದರೂ ಕಷ್ಟವೇ. ನಾನಾದರೆ ಆಟೋದಲ್ಲಿ ಗುಡ್ಡದ ಮೇಲಿನವರೆಗೆ ಕರೆದುಕೊಂಡು ಹೋಗಿ, ಮೇಲಿಂದಲೇ ತೋರಿಸುತ್ತೇನೆ. ಒಂದು ಪ್ಲಾಸ್ಟಿಕ್ ಕುರ್ಚಿ ಕಾರಲ್ಲಿ ಹಾಕಿಕೊಂಡು ಬನ್ನಿ. ಜೊತೆಗೆ ಒಂದು ಕೆಜಿ ರಾಗಿ ಹಿಟ್ಟು ತನ್ನಿ, ಅಮ್ಮನಿಗೆ ಒಂದು ಹೊತ್ತು ನಮ್ಮನೆಯಲ್ಲಿ ಮುದ್ದೆ. ನಾನು ಸುಮ್ನೆ ಹೇಳುತ್ತಿಲ್ಲ.

ಕುಣಿಗಲ್ ಕುದುರೆ
ನಮಗೂ ವಿಳಾಸ ಕೊಡಿ ಅಕ್ಕ, ರೈಲಲ್ಲಿ ಬರುತ್ತೇವೆ.

ಕುಡ್ಲೆಗೆ ಹೋಗಬೇಕಾದವನು
ಇಲ್ಲಿ ಎಲ್ಲರೂ ಮಾತಾಡುತ್ತಿರುವ ಆ ಬಾಮೈದ ನಾನೇ. ಭಾವ, ಇದಕ್ಕೇ ಇವತ್ತು ಹೊಸದಾಗಿ ಖಾತೆ ತೆರೆದೆ. ನನಗೆ ಈಜು ಬರಲ್ಲ, ಬಾವಿಯಲ್ಲೂ ಬರಲ್ಲ, ಅದಕ್ಕೆ ಆ ಭಯ ಬಿಡಿ. ಒಂದೇ ಒಂದು ತಿದ್ದುಪಡಿ: ಮುನಿಸಿಕೊಂಡವನು ನಾನಲ್ಲ. ಕುಡ್ಲೆ, ಕುಡ್ಲೆ ಅಂತ ಆ ವಿಡಿಯೋಗಳನ್ನು ನನಗೆ ಕಳಿಸುತ್ತಿದ್ದವಳು ಅಕ್ಕ. ಅವಳಿಗೂ ಈ ಚರ್ಚೆ ಕಳಿಸಿದ್ದೇನೆ, ಸಂಜೆ ಮನೆಗೆ ಬಂದಾಗ ನೋಡಿಕೊಳ್ಳಿ.

ತಟ್ಟೆಇಡ್ಲಿ
ಕಿಟ್ಟಿಯವರೇ, ಸಂಜೆ ಏನಾಯ್ತು ಅಂತ ಇಲ್ಲೇ ಹಾಕಿ.